ಮೊದಲು ಪುಸ್ತಕ, ಆಮೇಲೆ ಸಹಿ: ಹಾರರ್ ಕಾದಂಬರಿಗಳ ಮೊದಲ ಮುದ್ರಣ ಸಂಗ್ರಹಿಸುವ ಬಗೆ

ಲೇಖಕರ ಸಹಿ ಇರುವ ಹಾರರ್ ಪುಸ್ತಕ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಸಹಿಯ ಮೇಲೆ. ಪಳಗಿದವರು ನೋಡುವ ಕ್ರಮ ಇದರ ತಿರುಗುಮುರುಗು. ಮೊದಲು ಮುದ್ರಣ, ಆಮೇಲೆ ಜಾಕೆಟ್ (ರಟ್ಟಿನ ಮೇಲೆ ತೊಡಿಸುವ ಅಚ್ಚಾದ ಕಾಗದದ ಹೊದಿಕೆ), ಆಮೇಲೆ ಪ್ರತಿಯ ಸ್ಥಿತಿ, ಕಟ್ಟಕಡೆಗೆ ಸಹಿ. 1974ರ ಪುಸ್ತಕವೊಂದನ್ನು ಇವತ್ತು ಕಾಗದ, ಬಟ್ಟೆ, ಹೊಲಿಗೆ ಸಮೇತ ಮತ್ತೆ ತಯಾರಿಸಿ ನಂಬಿಸುವುದು ಯಾರಿಗೂ ಲಾಭದ ಕೆಲಸವಲ್ಲ. ಸಹಿಯನ್ನಾದರೆ ಅರ್ಧ ನಿಮಿಷದಲ್ಲಿ ಯಾರು ಬೇಕಾದರೂ ಗೀಚಬಹುದು. ಸಹಿ ಸುಳ್ಳೆಂದು ನಾಳೆ ಗೊತ್ತಾದರೂ ಕೈಯಲ್ಲಿ ಒಂದು ಒಳ್ಳೆಯ ಮೊದಲ ಮುದ್ರಣ ಉಳಿದಿರಬೇಕು, ಆ ಲೆಕ್ಕದಲ್ಲೇ ಕೊಳ್ಳಿ.

ಇಲ್ಲಿನ ಮಾತೆಲ್ಲ 1970ರಿಂದ ಈಚಿನ ಅಮೆರಿಕ ಮತ್ತು ಬ್ರಿಟನ್ನಿನ ಹಾರರ್ ಪುಸ್ತಕಗಳದ್ದು. ಮಾರುಕಟ್ಟೆ ಇರುವುದು ಅಲ್ಲಿ, ಪುಸ್ತಕಗಳೂ ಬರಬೇಕಾದ್ದು ಅಲ್ಲಿಂದಲೇ.

ಯಾರಿಂದ ಶುರು ಮಾಡುವುದು

ಹೆಚ್ಚಿನವರು ಸ್ಟೀಫನ್ ಕಿಂಗ್ ಹೆಸರು ಹಿಡಿದು ಬರುತ್ತಾರೆ. ಮೊದಲ ಖರೀದಿಗೆ ಅವರು ಬೇಡ. ಅತಿ ಹೆಚ್ಚು ನಕಲಿ ಸಹಿ ಓಡಾಡುವ ಹಾರರ್ ಲೇಖಕರಲ್ಲಿ ಅವರದೇ ಮುಂಚೂಣಿ. ಅವರ ಪುಸ್ತಕಗಳ ಲೆಕ್ಕಾಚಾರವೂ ಎರಡು ಬಗೆ. ಡಬಲ್‌ಡೇ ಪ್ರಕಟಿಸಿದ 70ರ ದಶಕದ ಮೊದಲ ಮುದ್ರಣಗಳು ಸಹಿ ಇಲ್ಲದೆಯೂ ದುಬಾರಿ. 80ರ ದಶಕದ ನಡುವಿನಿಂದ ಈಚಿನವು ಲಕ್ಷಗಟ್ಟಲೆ ಅಚ್ಚಾದವು, ಸಹಿ ಇಲ್ಲದಿದ್ದರೆ ಹಳೆ ಪುಸ್ತಕದಂಗಡಿಯ ಬೆಲೆಯಷ್ಟೇ. ಎರಡನೆಯ ಬಗೆಯಲ್ಲಿ ನೀವು ಕೊಡುವ ಹಣವೆಲ್ಲ ಬರೀ ಶಾಯಿಗೆ ಹೋಗುತ್ತದೆ. ಹಾಗಾಗಿ ನಕಲಿಗಾರರಿಗೂ ಅಲ್ಲೇ ಹಬ್ಬ.

ಕೈ ಪಳಗಿಸಿಕೊಳ್ಳಲು ಈಗ ಬರೆಯುತ್ತಿರುವವರು ಒಳ್ಳೆಯವರು: ಪಾಲ್ ಟ್ರೆಂಬ್ಲೇ, ಸ್ಟೀಫನ್ ಗ್ರಹಾಂ ಜೋನ್ಸ್, ಗ್ರೇಡಿ ಹೆಂಡ್ರಿಕ್ಸ್, ಬ್ರಿಟನ್ನಿನಲ್ಲಿ ಹಿರಿಯರಾದ ರಾಮ್ಸೆ ಕ್ಯಾಂಪ್‌ಬೆಲ್. ಇವರು ಸಮ್ಮೇಳನ, ಪುಸ್ತಕದಂಗಡಿಗಳಲ್ಲಿ ಧಾರಾಳವಾಗಿ ಸಹಿ ಹಾಕುವವರು. ಸಹಿಪುಸ್ತಕಕ್ಕೂ ಮುಖಬೆಲೆಗೂ ದೊಡ್ಡ ಅಂತರ ಇರುವುದಿಲ್ಲ. ಅಂತರ ಇಲ್ಲದ ಕಡೆ ಮೋಸಕ್ಕೂ ಆಸಕ್ತಿ ಕಡಿಮೆ. ತೀರಿಕೊಂಡವರ ವಿಷಯ ಬೇರೆ. ಜೇಮ್ಸ್ ಹರ್ಬರ್ಟ್ 2013ರಲ್ಲಿ, ಆನ್ ರೈಸ್ 2021ರಲ್ಲಿ, ಪೀಟರ್ ಸ್ಟ್ರಾಬ್ 2022ರಲ್ಲಿ ಹೋದರು. ಅವರ ಸಹಿ ಇನ್ನು ಹೆಚ್ಚುವುದಿಲ್ಲ, ಆದರೆ ಬದುಕಿದ್ದಾಗ ಸಾಕಷ್ಟು ಹಾಕಿದ್ದಾರೆ. 'ಅಪರೂಪ' ಎಂಬ ಮಾರಾಟಗಾರನ ಮಾತಿಗೆ ಬೆರಗಾಗಬೇಡಿ.

ಮೊದಲ ಮುದ್ರಣ ಅಂದರೆ ಯಾವುದು

ಸಂಗ್ರಾಹಕರ ಬಾಯಲ್ಲಿ 'ಫಸ್ಟ್ ಎಡಿಷನ್' ಅಂದರೆ ಮೊದಲ ಆವೃತ್ತಿಯ ಮೊದಲ ಮುದ್ರಣ. ಅದೇ ಅಚ್ಚಿನ ಎರಡನೇ ಮುದ್ರಣ, ಮೂರನೇ ಮುದ್ರಣ ತಾಂತ್ರಿಕವಾಗಿ ಮೊದಲ ಆವೃತ್ತಿಯೇ ಆದರೂ ಅದಕ್ಕೆ ಬೆಲೆ ಇಲ್ಲ. 'ಫಸ್ಟ್ ಎಡಿಷನ್, ಫೋರ್ತ್ ಪ್ರಿಂಟಿಂಗ್' ಎಂದು ಜಾಹೀರಾತು ಕೊಡುವವರು ಸುಳ್ಳು ಹೇಳುತ್ತಿಲ್ಲ, ಆದರೆ ನಿಮಗೆ ಬೇಕಾದ್ದನ್ನು ಮಾರುತ್ತಲೂ ಇಲ್ಲ.

ಗುರುತು ಇರುವುದು ಕಾಪಿರೈಟ್ ಪುಟದಲ್ಲಿ. ಇತ್ತೀಚಿನ ಪುಸ್ತಕಗಳಲ್ಲಿ ಅಂಕಿಸಾಲು ಇರುತ್ತದೆ: 10 9 8 7 6 5 4 3 2 1. ಪ್ರತಿ ಮರುಮುದ್ರಣಕ್ಕೂ ಅತಿ ಸಣ್ಣ ಅಂಕಿ ಅಳಿಯುತ್ತದೆ, ಉಳಿದಿರುವುದರಲ್ಲಿ ಸಣ್ಣದು ಯಾವುದೋ ಅದೇ ಮುದ್ರಣದ ಸಂಖ್ಯೆ. ಅಂಕಿಗಳ ಜೋಡಣೆ ಮಾತ್ರ ಪ್ರಕಾಶಕರಿಂದ ಪ್ರಕಾಶಕರಿಗೆ ಬೇರೆ. 1998ರಿಂದ ಕಿಂಗ್ ಅವರ ಮುಖ್ಯ ಪ್ರಕಾಶಕರಾದ ಸ್ಕ್ರಿಬ್ನರ್‌ನವರದು 1 3 5 7 9 10 8 6 4 2 ಎಂದು ಎರಡೂ ಕಡೆಯಿಂದ ನಡುವಿಗೆ ಏರುವ ಸಾಲು. ರ‍್ಯಾಂಡಮ್ ಹೌಸ್‌ನವರು ಬಹುಕಾಲ ಮೊದಲ ಮುದ್ರಣದಲ್ಲೇ ಸಾಲನ್ನು 2ರಿಂದ ಶುರುಮಾಡಿ, ಜೊತೆಗೆ 'ಫಸ್ಟ್ ಎಡಿಷನ್' ಎಂದು ಅಚ್ಚು ಹಾಕುತ್ತಿದ್ದರು. ಎರಡನೇ ಮುದ್ರಣದಲ್ಲಿ ಆ ಎರಡು ಪದ ಹೋಗುತ್ತಿದ್ದವು, 2 ಹಾಗೇ ಉಳಿಯುತ್ತಿತ್ತು. ಇದು ಗೊತ್ತಿಲ್ಲದೆ ಒಳ್ಳೆಯ ಪ್ರತಿಯನ್ನು 'ಸೆಕೆಂಡ್ ಪ್ರಿಂಟಿಂಗ್' ಎಂದು ಅಗ್ಗಕ್ಕೆ ಮಾರಿಬಿಡುವವರೂ ಇದ್ದಾರೆ, ಕಣ್ಣಿಟ್ಟಿರಿ. 1969ರಿಂದ 70ರ ದಶಕದ ನಡುವಿನವರೆಗೆ ಹಾರ್ಪರ್ ಅಂಡ್ ರೋ ತಮ್ಮ ಅಂಕಿಸಾಲನ್ನು ಕಾಪಿರೈಟ್ ಪುಟದಲ್ಲಿ ಹಾಕದೆ ಪುಸ್ತಕದ ಕಟ್ಟಕಡೆಯ ಪುಟದ ಬುಡದಲ್ಲಿ ಹಾಕುತ್ತಿದ್ದರು. ಮುಂದಿನ ಮುದ್ರಣಗಳಲ್ಲಿ 'ಫಸ್ಟ್ ಎಡಿಷನ್' ಎಂಬ ಮಾತನ್ನು ತೆಗೆಯಲು ಮರೆಯುತ್ತಲೂ ಇದ್ದರು. 1971ರಲ್ಲಿ ಅವರು ತಂದ 'ದಿ ಎಕ್ಸಾರ್ಸಿಸ್ಟ್' ಕೊಳ್ಳುವವರು ಕೊನೆಯ ಪುಟ ತಿರುಗಿಸದೆ ದುಡ್ಡು ಬಿಚ್ಚಬಾರದು.

ಡಬಲ್‌ಡೇ ಪುಸ್ತಕಗಳ ಕಥೆ ಇನ್ನೂ ಸೊಗಸು. 70ರ ದಶಕದಲ್ಲಿ ಅವರ ಕಾಪಿರೈಟ್ ಪುಟದಲ್ಲಿ 'ಫಸ್ಟ್ ಎಡಿಷನ್' ಎಂದಿರುತ್ತದೆ, ಅದು ಒಂದು ಸಾಕ್ಷಿ. ಎರಡನೆಯ ಸಾಕ್ಷಿ ಕೊನೆಯ ಪುಟಗಳಲ್ಲಿ, ಹೊಲಿಗೆಯ ಪಕ್ಕದ ಒಳಮೂಲೆಯಲ್ಲಿ ಅಡಗಿರುವ ಪುಟ್ಟ ಕೋಡ್: ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅಂಕಿ. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ವಾರಕ್ಕೆ. ಕಿಂಗ್ ಅವರ 1974ರ 'ಕ್ಯಾರಿ'ಯಲ್ಲಿ 199ನೇ ಪುಟದಲ್ಲಿ ಪಿ6, ಅಂದರೆ 1974ರ ಆರನೇ ವಾರ. 1975ರ ''ಸೇಲಮ್ಸ್ ಲಾಟ್'ನಲ್ಲಿ 439ನೇ ಪುಟದಲ್ಲಿ ಕ್ಯೂ37. 'ದಿ ಶೈನಿಂಗ್' ಬಂದದ್ದು 1977ರ ಜನವರಿಯಲ್ಲಿ, ಆದರೆ 447ನೇ ಪುಟದ ಕೋಡ್ ಆರ್49: ಹಿಂದಿನ ವರ್ಷದ ಡಿಸೆಂಬರಿನಲ್ಲೇ ಅಚ್ಚಾಗಿತ್ತು. 1978ರ 'ದಿ ಸ್ಟ್ಯಾಂಡ್'ನಲ್ಲಿ 823ನೇ ಪುಟದಲ್ಲಿ ಟಿ39. ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಬೇಡಿ. ಬೆನ್ನು ಬಿರುಕು ಬಿಟ್ಟರೆ ಕೋಡ್ ಸಿಕ್ಕಿತು, ಬೆಲೆ ಹೋಯಿತು. 90 ಡಿಗ್ರಿಯಷ್ಟು ತೆರೆದು, ಟಾರ್ಚನ್ನು ಪುಟದ ಬದಿಯಿಂದ ಹಾಯಿಸಿದರೆ ಕಾಣುತ್ತದೆ.

ಕೋಡ್ ಒಂದೇ ಸಾಕಾಗದು. ಡಬಲ್‌ಡೇ ಬುಕ್ ಕ್ಲಬ್ ಪ್ರತಿಗಳಲ್ಲೂ ಇಂಥ ಕೋಡ್ ಇರುತ್ತದೆ. ಬುಕ್ ಕ್ಲಬ್ ಪ್ರತಿ ಎಂದರೆ ಚಂದಾದಾರರಿಗೆ ಅಂಚೆಯಲ್ಲಿ ಕಳಿಸಲು ಅಗ್ಗದ ಕಾಗದದಲ್ಲಿ ತೆಗೆದದ್ದು. ಎತ್ತರದಲ್ಲಿ ತುಸು ಕುಳ್ಳು, ಕೈಯಲ್ಲಿ ಹಗುರ. ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಇರುವುದಿಲ್ಲ. ಜಾಕೆಟ್ ತೆಗೆದು ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ, ಬೆನ್ನಿನ ಬಳಿ, ಬೆರಳಾಡಿಸಿದರೆ ಸಣ್ಣದೊಂದು ಗುಳಿ ಸಿಗಬಹುದು: ಬಿಂದು, ಚೌಕ ಅಥವಾ ಎಲೆಯಾಕಾರ. ಸಿಕ್ಕಿದರೆ ಆ ಪುಸ್ತಕದ ವಿಚಾರಣೆ ಅಲ್ಲಿಗೆ ಮುಗಿಯಿತು. ಬೆಲೆಯ ಮೂಲೆ ಕತ್ತರಿಸಿದ ಜಾಕೆಟ್ ಕಂಡಾಗ ಸಂಶಯ ಇಮ್ಮಡಿಯಾಗಬೇಕು, ಏಕೆಂದರೆ ಬುಕ್ ಕ್ಲಬ್ ಜಾಕೆಟ್ಟನ್ನು ಮರೆಮಾಚುವ ಸುಲಭ ದಾರಿಯೇ ಕತ್ತರಿ.

ಇದಕ್ಕೊಂದು ಅಪವಾದ ಇದೆ, ಅದೂ ''ಸೇಲಮ್ಸ್ ಲಾಟ್'ನಲ್ಲೇ. ಮೊದಲು ಅಚ್ಚಾದ ಜಾಕೆಟ್ಟುಗಳಲ್ಲಿ ಬೆಲೆ 8.95 ಡಾಲರ್ ಎಂದಿತ್ತು, ಒಳಮಡಿಕೆಯ ಕಥಾಸಾರದಲ್ಲಿ ಪಾದ್ರಿಯ ಹೆಸರು ತಪ್ಪಾಗಿ 'ಫಾದರ್ ಕೋಡಿ' ಎಂದಾಗಿತ್ತು. ಬಿಡುಗಡೆಗೆ ಮುನ್ನ ಬೆಲೆಯನ್ನು 7.95ಕ್ಕೆ ಇಳಿಸಿ, ಹಳೆಯ ಬೆಲೆಯ ಮೂಲೆಯನ್ನು ಪ್ರಕಾಶಕರೇ ಕತ್ತರಿಸಿದರು. ಹೆಸರನ್ನು 'ಫಾದರ್ ಕ್ಯಾಲಹನ್' ಎಂದು ತಿದ್ದಿದ ಜಾಕೆಟ್ ಬಂದದ್ದು ಆಮೇಲೆ. ಹೀಗಾಗಿ ಬೇರೆಲ್ಲ ಕಡೆ ದೋಷವಾದ ಕತ್ತರಿ ಗುರುತು ಇಲ್ಲಿ, ಕೋಡಿ ಹೆಸರಿನ ಜೊತೆ ಬಂದರೆ, ಮುಂಚಿನ ಪ್ರತಿಯ ಲಕ್ಷಣ. ಮೂಲೆ ಕತ್ತರಿಸದೆ 8.95 ಹಾಗೇ ಉಳಿದ ಜಾಕೆಟ್ ಬೆರಳೆಣಿಕೆಯಷ್ಟು. ಯಾರಾದರೂ ಅದನ್ನು ಸಲೀಸಾಗಿ ಮಾರಲು ಬಂದರೆ ಜಾಕೆಟ್ ನಕಲಿ ಎಂದೇ ಹಿಡಿದು ಪರೀಕ್ಷೆ ಶುರುಮಾಡಿ.

ಎಲ್ಲ ಮೊದಲ ಮುದ್ರಣವೂ ಹಾರ್ಡ್‌ಬ್ಯಾಕ್ ಅಲ್ಲ. ಕ್ಲೈವ್ ಬಾರ್ಕರ್ ಅವರ 'ಬುಕ್ಸ್ ಆಫ್ ಬ್ಲಡ್'ನ ಮೊದಲ ಮೂರು ಸಂಪುಟಗಳು 1984ರಲ್ಲಿ ಲಂಡನ್ನಿನ ಸ್ಫಿಯರ್‌ನಿಂದ ನೇರವಾಗಿ ಪೇಪರ್‌ಬ್ಯಾಕ್ ಆಗಿ ಬಂದವು, ಇನ್ನು ಮೂರು 1985ರಲ್ಲಿ. ನಿಜವಾದ ಮೊದಲು ಅವೇ, ಆಮೇಲಿನ ಗಟ್ಟಿರಟ್ಟಿನವಲ್ಲ. ಕನ್ನಡಿಗರಿಗೆ ಇದರಲ್ಲೊಂದು ಲಾಭವಿದೆ. ಭಾರತಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಬ್ರಿಟಿಷ್ ಪೇಪರ್‌ಬ್ಯಾಕುಗಳು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಸ್ಫಿಯರ್, ನ್ಯೂ ಇಂಗ್ಲಿಷ್ ಲೈಬ್ರರಿ, ಫ್ಯೂಚುರಾ ಹೆಸರಿನ ಬೆನ್ನು ಕಂಡರೆ ಕಾಪಿರೈಟ್ ಪುಟ ನೋಡದೆ ಮುಂದೆ ಹೋಗಬೇಡಿ. ಮರುಮುದ್ರಣದ ವರ್ಷಗಳ ಪಟ್ಟಿ ಇಲ್ಲದೆ ಒಂದೇ ವರ್ಷ ಇದ್ದರೆ ಕೈಗೆತ್ತಿಕೊಳ್ಳಿ.

ಯಾವ ದೇಶದ್ದು ಮೊದಲು ಎಂಬುದನ್ನೂ ವಿಚಾರಿಸಿ. ಜೋ ಹಿಲ್ ಅವರ '20ತ್ ಸೆಂಚುರಿ ಗೋಸ್ಟ್ಸ್' ಬ್ರಿಟನ್ನಿನ ಪಿಎಸ್ ಪಬ್ಲಿಷಿಂಗ್‌ನಿಂದ 2005ರಲ್ಲೇ ಬಂತು, ಅಮೆರಿಕದ ಪ್ರತಿ 2007ರದು. ಅಮೆರಿಕದ ಪ್ರತಿಯಲ್ಲೂ ಅಂಕಿಸಾಲು 1ರವರೆಗೆ ಇರುತ್ತದೆ. ಅದು 'ಅಮೆರಿಕದ ಮೊದಲು' ಮಾತ್ರ.

ಜಾಕೆಟ್ಟೇ ಜೀವ

ಆಧುನಿಕ ಪುಸ್ತಕದ ಬೆಲೆಯಲ್ಲಿ ಬಹುಪಾಲು ಆ ಒಂದು ಹಾಳೆಯದು. ಮಾರಾಟಗಾರರು 'ಫೈನ್/ನಿಯರ್ ಫೈನ್' ಎಂದು ಬರೆದರೆ ಮೊದಲನೆಯದು ಪುಸ್ತಕಕ್ಕೆ, ಎರಡನೆಯದು ಜಾಕೆಟ್ಟಿಗೆ. 'ವೆರಿ ಗುಡ್' ಅಂದರೆ ಕಣ್ಣಿಗೆ ಬೀಳುವ ಸವೆತ ಇದೆ ಎಂದರ್ಥ, 'ಗುಡ್' ಅಂದರೆ ಒಳ್ಳೆಯದಲ್ಲ ಎಂದರ್ಥ. ಈ ವ್ಯಾಪಾರದ ಭಾಷೆಯೇ ಹಾಗೆ.

ಎರಡು ತೊಂದರೆ ಪದೇ ಪದೇ ಎದುರಾಗುತ್ತವೆ. ಒಂದು, ಕೂಡಾವಳಿ ಪ್ರತಿ: ಮೊದಲ ಮುದ್ರಣದ ಪುಸ್ತಕಕ್ಕೆ ಆರನೇ ಮುದ್ರಣದ ಚೆಂದದ ಜಾಕೆಟ್ ತೊಡಿಸಿರುತ್ತಾರೆ. ಮಡಿಕೆಯಲ್ಲಿನ ಬೆಲೆ, ಹಿಂಬದಿಯ ವಿಮರ್ಶೆಯ ಸಾಲು ನೋಡಿ. ಬಿಡುಗಡೆಯ ದಿನದ ಜಾಕೆಟ್ಟಿನಲ್ಲಿ ಅದೇ ಪುಸ್ತಕದ ಪತ್ರಿಕಾ ವಿಮರ್ಶೆ ಇರುವುದು ತೀರಾ ಅಪರೂಪ. ಇನ್ನೊಂದು, ಹೊಸದಾಗಿ ಅಚ್ಚುಹಾಕಿದ ನಕಲು ಜಾಕೆಟ್. ಪ್ರಾಮಾಣಿಕರು ಮಡಿಕೆಯಲ್ಲಿ ಹಾಗೆಂದು ನಮೂದಿಸುತ್ತಾರೆ, ಉಳಿದವರು ಆ ಸಾಲನ್ನು ಕತ್ತರಿಸುತ್ತಾರೆ. 10 ಪಟ್ಟಿನ ಭೂತಗನ್ನಡಿ ತೆಗೆದುಕೊಂಡು ಚಿತ್ರವನ್ನಲ್ಲ, ಅಕ್ಷರಗಳನ್ನು ನೋಡಿ. ಮೂಲ ಆಫ್‌ಸೆಟ್ ಮುದ್ರಣದಲ್ಲಿ ಕಪ್ಪಕ್ಷರದ ಅಂಚು ಗಟ್ಟಿ ಗೆರೆಯಾಗಿ ಚೂಪಾಗಿರುತ್ತದೆ. ಸ್ಕ್ಯಾನ್ ಮಾಡಿ ತೆಗೆದದ್ದರಲ್ಲಿ ಅಕ್ಷರವೂ ಚಿತ್ರದಂತೆ ಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ, ಅಂಚು ಮಸುಕು. ನೇರಳಾತೀತ ಟಾರ್ಚ್ ಹಾಕಿ 'ಹೊಳೆಯಿತು, ನಕಲಿ' ಎಂದು ತೀರ್ಪು ಕೊಡುವವರ ಮಾತು ಕೇಳಬೇಡಿ. ಕಾಗದಕ್ಕೆ ಬಿಳುಪು ಕೊಡುವ ಹೊಳಪು ರಾಸಾಯನಿಕಗಳು 50ರ ದಶಕದಿಂದಲೇ ಬಳಕೆಯಲ್ಲಿವೆ. 1976ರ ಜಾಕೆಟ್ ಹೊಳೆದರೆ ಏನೂ ಸಾಬೀತಾಗದು.

ಪುಟದಂಚುಗಳಲ್ಲಿ, ಅದರಲ್ಲೂ ಬುಡದಂಚಿನಲ್ಲಿ, ಮಾರ್ಕರ್ ಗೆರೆಯೋ ಚುಕ್ಕಿಯೋ ಇದ್ದರೆ ಅದು ಮಾರಾಟವಾಗದೆ ಅಗ್ಗಕ್ಕೆ ಹೋದ ಪ್ರತಿ. ಅಳಿಸಲು ಹೋಗಬೇಡಿ, ಉಜ್ಜಿದ ಗುರುತು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಸಹಿ ಪರೀಕ್ಷೆ

ಸಹಿಗಳಲ್ಲೂ ಜಾತಿ ಇವೆ. ಲೇಖಕ ಪುಸ್ತಕದ ಶೀರ್ಷಿಕೆ ಪುಟದಲ್ಲೇ, ತನ್ನ ಅಚ್ಚು ಹೆಸರಿನ ಆಸುಪಾಸು, ಬರೀ ಹೆಸರು ಬರೆದರೆ ಅದು 'ಫ್ಲಾಟ್ ಸೈನ್'. ಹೆಚ್ಚಿನವರು ಬಯಸುವುದು ಇದನ್ನೇ. 'ಇಂಥವರಿಗೆ, ಪ್ರೀತಿಯಿಂದ' ಎಂದಿದ್ದರೆ ಆ ಇಂಥವರು ಯಾರೆಂಬುದರ ಮೇಲೆ ಬೆಲೆ. ಲೇಖಕರ ಸಂಪಾದಕರೋ ಮತ್ತೊಬ್ಬ ಹಾರರ್ ಲೇಖಕರೋ ಆಗಿದ್ದರೆ ಬೆಲೆ ಏರುತ್ತದೆ, ಅಪರಿಚಿತರಾದರೆ ತುಸು ಇಳಿಯುತ್ತದೆ. ಆದರೆ ಉದ್ದದ ಬರಹವನ್ನು ನಕಲು ಮಾಡುವುದು ಬರೀ ಹೆಸರನ್ನು ನಕಲು ಮಾಡುವುದಕ್ಕಿಂತ ಬಹಳ ಕಷ್ಟ. ಸಂಶಯದ ಲೇಖಕರ ವಿಷಯದಲ್ಲಿ 'ಇಂಥವರಿಗೆ' ಇರುವ ಪ್ರತಿಯೇ ಜಾಣತನದ ಖರೀದಿ.

ಅದರ ಕೆಳಗಿನದು ಪ್ರಕಾಶಕರು ಬಿಡಿ ಹಾಳೆಗಳನ್ನು ಲೇಖಕರ ಮನೆಗೆ ಕಳಿಸಿ, ಸಹಿ ಹಾಕಿಸಿ, ಬೈಂಡಿಂಗ್‌ನಲ್ಲಿ ಸೇರಿಸುವ ಬಗೆ. ದೊಡ್ಡ ಅಂಗಡಿಗಳ 'ಸೈನ್ಡ್ ಎಡಿಷನ್' ಚೀಟಿ ಅಂಟಿದವು ಬಹುತೇಕ ಇವೇ. ಸಹಿ ಅಸಲಿಯೇ, ಲೇಖಕ ಪುಸ್ತಕವನ್ನು ಮುಟ್ಟಿಲ್ಲ ಅಷ್ಟೇ. ಇನ್ನೂ ಕೆಳಗೆ ಬುಕ್‌ಪ್ಲೇಟ್, ಅಂದರೆ ಸಹಿ ಹಾಕಿದ ಅಂಟುಚೀಟಿ. ಯಾವ ಪುಸ್ತಕದಿಂದ ಯಾವುದಕ್ಕಾದರೂ ಸ್ಥಳ ಬದಲಿಸಬಲ್ಲದ್ದಾದ್ದರಿಂದ ಬೆಲೆ ಕಡಿಮೆ.

ಪರೀಕ್ಷೆ ಹೀಗೆ. ಪುಟವನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿಯಿರಿ. ಬಾಲ್‌ಪೆನ್ನಿನದಾದರೆ ಕಾಗದದಲ್ಲಿ ತಗ್ಗು, ಹಿಂಬದಿಯಲ್ಲಿ ಉಬ್ಬು ಕಾಣಬೇಕು. ಭೂತಗನ್ನಡಿಯಲ್ಲಿ ಗೆರೆಗೆ ಗೆರೆ ದಾಟುವ ಜಾಗ ನೋಡಿ: ಕೈಬರಹದಲ್ಲಿ ಅಲ್ಲಿ ಶಾಯಿ ಗಾಢವಾಗುತ್ತದೆ, ಅಚ್ಚಾದ ಸಹಿಯಲ್ಲಿ ಎಲ್ಲೆಡೆ ಒಂದೇ ಸಮ. ಗೆರೆಯ ಶುರು ಮತ್ತು ಕೊನೆ ನೋಡಿ. ಸಾವಿರಾರು ಬಾರಿ ಸಹಿ ಹಾಕಿದ ಕೈ ಕಾಗದ ಮುಟ್ಟುವ ಮೊದಲೇ ಚಲಿಸುತ್ತಿರುತ್ತದೆ, ಆದ್ದರಿಂದ ಎರಡೂ ತುದಿ ಸಣ್ಣಗಾಗುತ್ತವೆ. ನೋಡಿಕೊಂಡು ಬರೆಯುವ ಕೈ ನಿಧಾನ. ತುದಿಗಳಲ್ಲಿ ಗುಂಡು ಚುಕ್ಕಿ ನಿಲ್ಲುತ್ತದೆ, ತಿರುವುಗಳಲ್ಲಿ ನಡುಕ ಕಾಣುತ್ತದೆ. ಆಟೊಪೆನ್, ಅಂದರೆ ಸಹಿಯನ್ನು ಪೆನ್ನಿನಿಂದ ನಕಲಿಸುವ ಯಂತ್ರದ ಸಹಿಗೆ ನಡುಕ ಇಲ್ಲ, ಬದಲಿಗೆ ಒತ್ತಡ ಉದ್ದಕ್ಕೂ ಒಂದೇ. ಅದೇ ಯಂತ್ರದ ಎರಡು ಪ್ರತಿಯ ಚಿತ್ರವನ್ನು ಮೊಬೈಲಿನಲ್ಲಿ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂರುತ್ತವೆ. ಮನುಷ್ಯರು ಹಾಗೆ ಎರಡು ಸಲ ಬರೆಯಲಾರರು. 2022ರಲ್ಲಿ ಗಾಯಕ ಬಾಬ್ ಡೈಲನ್ ಪುಸ್ತಕದ 599 ಡಾಲರಿನ 900 'ಕೈಸಹಿ' ಪ್ರತಿಗಳ ಸಹಿ ಯಂತ್ರದ್ದೆಂಬ ಗುಟ್ಟು ಬಯಲಾದದ್ದು ಕೊಂಡವರು ಹೀಗೆ ಚಿತ್ರಗಳನ್ನು ಹೋಲಿಸಿ ನೋಡಿದ್ದರಿಂದ. ಪ್ರಕಾಶಕರು ಹಣ ಹಿಂತಿರುಗಿಸಿದರು.

ಶಾಯಿಗೂ ಕಾಲಕ್ಕೂ ತಾಳೆ ಇರಬೇಕು. ಜೆಲ್ ಶಾಯಿಯನ್ನು ಜಪಾನಿನ ಸಕುರಾ ಕಂಪನಿ ತಂದದ್ದು 1984ರಲ್ಲಿ. '1977' ಎಂದು ದಿನಾಂಕ ಹಾಕಿದ ಜೆಲ್ ಪೆನ್ ಸಹಿ ಕಂಡರೆ ಪುಸ್ತಕ ಮುಚ್ಚಿ ವಾಪಸ್ ಕೊಡಿ. ಲೇಖಕರ ಸಹಿಯೂ ದಶಕದಿಂದ ದಶಕಕ್ಕೆ ಸವೆಯುತ್ತದೆ, ಅಕ್ಷರಗಳು ಗೆರೆಗಳಾಗುತ್ತವೆ. ಹೋಲಿಸುವಾಗ ಅದೇ ಕಾಲದ, ದಿನಾಂಕ ಖಚಿತವಿರುವ ಕನಿಷ್ಠ ಐದಾರು ಸಹಿಗಳ ಜೊತೆ ಹೋಲಿಸಿ. ಒಂದೇ ಮಾದರಿ ಇಟ್ಟುಕೊಂಡು ಹೋಲಿಸಿದರೆ, ನಕಲಿಗಾರನೂ ಅದೇ ಮಾದರಿ ನೋಡಿ ಬರೆದಿರುವ ಸಾಧ್ಯತೆ ಇದೆ.

ಮಾರುವವನೇ ಮುದ್ರಿಸಿಕೊಂಡ ದೃಢೀಕರಣ ಪತ್ರಕ್ಕೆ ಆ ಕಾಗದದ ಬೆಲೆಯೂ ಇಲ್ಲ. ಬೇಕಾದ್ದು ಮೂರರಲ್ಲಿ ಒಂದು: ಸಹಿ ಹಾಕಿದ ಕಾರ್ಯಕ್ರಮದ ಟಿಕೆಟ್ಟು ಅಥವಾ ಫೋಟೊ, ಹೆಸರಾಂತ ಅಂಗಡಿಯ ಮೂಲ ರಸೀದಿ, ಇಲ್ಲವೇ ಸಹಿ ಅಸಲಿಯಲ್ಲದಿದ್ದರೆ ಎಂದಾದರೂ ಹಣ ಹಿಂದಿರುಗಿಸುವುದಾಗಿ ಲಿಖಿತ ಭರವಸೆ. ಅಮೆರಿಕದ ಹಳೆ ಪುಸ್ತಕ ವ್ಯಾಪಾರಿಗಳ ಸಂಘವಾದ ಎಬಿಎಎ, ಅಂಥ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಲ್‌ಎಬಿ ಸದಸ್ಯ ವ್ಯಾಪಾರಿಗಳಲ್ಲಿ ಬೆಲೆ ಹೆಚ್ಚೇ, ಆದರೆ ಆ ಹೆಚ್ಚುವರಿ ಹಣ ಇಂಥ ಭರವಸೆಗೆ.

ಲಿಮಿಟೆಡ್ ಎಡಿಷನ್‌ಗಳ ಲೋಕ

ಸಹಿಯ ಬಗ್ಗೆ ತಲೆಬಿಸಿ ಬೇಡ ಎನ್ನುವವರಿಗೆ ಹಾರರ್‌ನಲ್ಲಿ ಒಂದು ಅನುಕೂಲ ಇದೆ, ಸಣ್ಣ ಪ್ರಕಾಶಕರು. ಮೇರಿಲ್ಯಾಂಡಿನ ಸೆಮೆಟರಿ ಡ್ಯಾನ್ಸ್, ಮಿಷಿಗನ್ನಿನ ಸಬ್‌ಟೆರೇನಿಯನ್ ಪ್ರೆಸ್, ಕೊಲರಾಡೊದ ಸೆಂಟಿಪೀಡ್ ಪ್ರೆಸ್, ಕ್ಯಾಲಿಫೋರ್ನಿಯಾದ ಸನ್‌ಟಪ್, ಬ್ರಿಟನ್ನಿನ ಪಿಎಸ್. ಇವರು ಎಣಿಸಿದಷ್ಟೇ ಪ್ರತಿ ತೆಗೆಯುವ ಲಿಮಿಟೆಡ್ ಎಡಿಷನ್ನುಗಳಲ್ಲಿ ಒಂದು ಪುಟವೇ ಮೀಸಲು: ಎಷ್ಟು ಪ್ರತಿ, ಇದು ಎಷ್ಟನೆಯದು, ಯಾರ ಸಹಿ. ಅಂಕಿ ಹಾಕಿದವು ನೂರಾರು. ಇಂಗ್ಲಿಷ್ ಅಕ್ಷರ ಹಾಕಿದವು ಸಾಮಾನ್ಯವಾಗಿ 26, ಬೆಲೆ ಹಲವು ಪಟ್ಟು. ಡೊನಾಲ್ಡ್ ಎಂ. ಗ್ರಾಂಟ್ 1982ರಲ್ಲಿ ತಂದ 'ದಿ ಗನ್‌ಸ್ಲಿಂಗರ್' ಇದಕ್ಕೆ ಹಳೆಯ ಉದಾಹರಣೆ: ಸಹಿ ಇದ್ದವು 500, ಇಲ್ಲದವು 10,000. ಕಾದಂಬರಿಯ ನಿಜವಾದ ಮೊದಲ ಮುದ್ರಣವೂ ಅದೇ ಆದ್ದರಿಂದ ಅದಕ್ಕೆ ಅಷ್ಟು ಬೇಡಿಕೆ.

ಎಲ್ಲ ಲಿಮಿಟೆಡ್ ಹಾಗಲ್ಲ. 1975ರ ಕಾದಂಬರಿಯನ್ನು 2020ರಲ್ಲಿ ಚರ್ಮದ ಬೈಂಡಿಂಗ್ ಹಾಕಿ ತಂದರೆ ಅದು ಅಂದದ ಮರುಮುದ್ರಣ. 'ಗಿಫ್ಟ್ ಎಡಿಷನ್' ಎಂದವುಗಳಲ್ಲಿ ಹಲವಕ್ಕೆ ಸಹಿಯೇ ಇರುವುದಿಲ್ಲ, ಕೆಲವು 'ಆರ್ಟಿಸ್ಟ್ ಎಡಿಷನ್'ಗಳಲ್ಲಿ ಸಹಿ ಚಿತ್ರಕಾರರದ್ದು ಮಾತ್ರ. ಲೇಖಕ ತೀರಿಕೊಂಡಿದ್ದರೆ ಮುನ್ನುಡಿ ಬರೆದವರ ಸಹಿಯೋ ಅಚ್ಚಿನ ಸಹಿಯೋ ಇರುತ್ತದೆ. ಮೀಸಲು ಪುಟವನ್ನು ಅಕ್ಷರಕ್ಷರ ಓದಿ. 'ಪಿಸಿ' ಎಂದು ಬರೆದಿದ್ದರೆ ಪ್ರಕಾಶಕರ ಸ್ವಂತದ ಪ್ರತಿ, ಸಹಿ ಅಷ್ಟೇ ಅಸಲಿ, ಬೆಲೆ ತುಸು ಕಡಿಮೆ. ಪುಸ್ತಕವನ್ನು ಇಡಲೆಂದೇ ಪ್ರಕಾಶಕರು ಕೊಟ್ಟ ಪೆಟ್ಟಿಗೆ ಕಳೆದುಹೋದರೆ ಬೆಲೆ ದೊಡ್ಡದಾಗಿ ಬೀಳುತ್ತದೆ, ಪುಸ್ತಕ ಬಂದ ರಟ್ಟಿನ ಡಬ್ಬವನ್ನೂ ಬಿಸಾಡಬೇಡಿ.

ನೀವೇ ಸಹಿ ಹಾಕಿಸುವುದಾದರೆ

ಸಕುರಾ ಪಿಗ್ಮಾ ಮೈಕ್ರಾನ್ 05ರಂಥ ಪಿಗ್ಮೆಂಟ್ ಶಾಯಿಯ ಕಪ್ಪು ಪೆನ್ ಎರಡು ಇಟ್ಟುಕೊಳ್ಳಿ. ಶಾರ್ಪಿ ಮಾರ್ಕರ್ ಮುಂದಿನ ಪುಟಕ್ಕೆ ಇಳಿಯುತ್ತದೆ, ವರ್ಷಗಳು ಕಳೆದಂತೆ ಗೆರೆಯ ಸುತ್ತ ಹಳದಿ ಹರಡುತ್ತದೆ. ಶೀರ್ಷಿಕೆ ಪುಟಕ್ಕೆ ಬಿಳಿ ಚೀಟಿ ಸಿಕ್ಕಿಸಿ, ಜಾಕೆಟ್ಟಿನ ಮಡಿಕೆಯನ್ನೇ ಪುಟಗುರುತಾಗಿ ಬಳಸಬೇಡಿ, ಮಡಿಕೆ ಸುಕ್ಕಾಗುತ್ತದೆ. ಸಹಿ ಆದಮೇಲೆ ಎರಡು ಮೂರು ನಿಮಿಷ ಪುಟ ತೆರೆದಿಡಿ. ಅವಸರದಲ್ಲಿ ಮುಚ್ಚಿದರೆ ಎದುರು ಪುಟದಲ್ಲಿ ಕನ್ನಡಿ ಸಹಿ ಮೂಡುತ್ತದೆ.

ಭಾರತದಲ್ಲಿ ಕೂತು ಇದನ್ನು ಸಾಧಿಸುವ ಸುಲಭ ದಾರಿ ಮುಂಗಡ ಆರ್ಡರ್. ಲಂಡನ್ನಿನ ಗೋಲ್ಡ್ಸ್‌ಬರೋ ಬುಕ್ಸ್ ಸಹಿ ಹಾಕಿದ ಮೊದಲ ಮುದ್ರಣಗಳಿಗೇ ಮೀಸಲು, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನ ಡಾರ್ಕ್ ಡೆಲಿಕಸೀಸ್ ಹಾರರ್‌ಗೇ ಮೀಸಲು. ಲೇಖಕರ ಊರಿನ ಅಂಗಡಿಯ ಹೆಸರು ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆರ್ಡರಿನ ಟಿಪ್ಪಣಿಯಲ್ಲಿ ಎರಡೇ ಮಾತು ಬರೆಯಿರಿ: ಮೊದಲ ಮುದ್ರಣವೇ ಬೇಕು, ಹೆಸರು ಮಾತ್ರ ಸಹಿ ಮಾಡಿಸಿ. ಇದನ್ನು ಹೇಳದೆ ಹೋದರೆ ಬಿಡುಗಡೆ ವಾರದಲ್ಲೇ ಎರಡನೇ ಮುದ್ರಣ ಬಂದುಬಿಟ್ಟಿರುವುದುಂಟು. ಕೇಳದೆ ಪುಸ್ತಕವನ್ನು ಲೇಖಕರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಡಿ. ಬುಕ್‌ಪ್ಲೇಟ್ ಸಿಕ್ಕರೆ ಅಂಟಿಸಬೇಡಿ, ಆಮ್ಲರಹಿತ ಲಕೋಟೆಯಲ್ಲಿಟ್ಟು ಒಳಗಿಡಿ.

ಕೊಳ್ಳುವುದು, ತರಿಸುವುದು

ಜಾಲತಾಣದಲ್ಲಿ ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದರಲ್ಲಿ ಕಳೆದ ಮೂರು ತಿಂಗಳು ನೋಡಿ. ಹರಾಜಿನಲ್ಲಾದರೆ ಕೂಗಿದ ಬೆಲೆಯ ಮೇಲೆ ಹರಾಜು ಮನೆಯವರ ಪಾಲು ಬೇರೆ ಬೀಳುತ್ತದೆ, ಶೇ 20 ದಾಟುವುದು ಮಾಮೂಲು. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಇನ್ನೊಂದು ಶೇ 2ರಿಂದ 3.5.

ಹಣ ಕಳಿಸುವ ಮುನ್ನ ಇಷ್ಟು ಫೋಟೊ ತರಿಸಿ: ಜಾಕೆಟ್ಟಿನ ಮೂರೂ ಮುಖ, ಎರಡೂ ಒಳಮಡಿಕೆ, ಇಡೀ ಕಾಪಿರೈಟ್ ಪುಟ, ಡಬಲ್‌ಡೇ ಆದರೆ ಕೋಡ್ ಇರುವ ಮೂಲೆ, ಜಾಕೆಟ್ ತೆಗೆದ ಹಿಂದಿನ ರಟ್ಟು, ಮೇಲಂಚು ಮತ್ತು ಬುಡದಂಚು, ಸಹಿ ನೇರವಾಗಿ, ಸಹಿ ಓರೆ ಬೆಳಕಿನಲ್ಲಿ. ಪ್ರಕಾಶಕರ ಚಿತ್ರ ಹಾಕಿ ಮಾರುವವರು ಇದಕ್ಕೆ ಉತ್ತರಿಸುವುದಿಲ್ಲ. ಅಲ್ಲಿಗೆ ಒಂದು ಜರಡಿ ಆಯಿತು.

ಪ್ಯಾಕಿಂಗ್ ಹೇಗಿರಬೇಕೆಂದು ನೀವೇ ಬರೆದು ತಿಳಿಸಿ. ಮೊದಲು ಸಾದಾ ಕಾಗದ, ಅದರ ಮೇಲೆ ಬಬಲ್ ರ‍್ಯಾಪ್, ಎರಡೂ ಬದಿಗೆ ಪುಸ್ತಕಕ್ಕಿಂತ ಎರಡು ಸೆಂಟಿಮೀಟರ್ ದೊಡ್ಡ ರಟ್ಟು, ಆಮೇಲೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಕಡೆ 5 ಸೆಂಟಿಮೀಟರ್ ತುಂಬು. ಬಬಲ್ ರ‍್ಯಾಪ್ ನೇರವಾಗಿ ಹೊಳಪು ಜಾಕೆಟ್ಟಿಗೆ ತಾಗಿದರೆ ವಿಮಾನ ನಿಲ್ದಾಣದ ಬಿಸಿಲಲ್ಲಿ ಬೆಂದು ಉಂಗುರ ಉಂಗುರವಾಗಿ ಅಚ್ಚೊತ್ತುತ್ತದೆ, ಅದು ಮತ್ತೆ ಹೋಗುವುದಿಲ್ಲ. ಬಿಲ್ಲಿನಲ್ಲಿ 'ಪ್ರಿಂಟೆಡ್ ಬುಕ್', ಎಚ್‌ಎಸ್ ಸಂಖ್ಯೆ (ಸುಂಕಕ್ಕಾಗಿ ಸರಕನ್ನು ಗುರುತಿಸುವ ಸಂಖ್ಯೆ) 4901, ನಿಜವಾದ ಬೆಲೆ ಇರಲಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆಮದು ಸುಂಕ ಶೇ 5 ಬಂದದ್ದು 2019ರ ಬಜೆಟ್ಟಿನಲ್ಲಿ. ತರಿಸುವ ದಿನದ ದರವನ್ನು ಕೊರಿಯರ್‌ನವರಲ್ಲಿ ಕೇಳಿಕೊಳ್ಳಿ. ಸುಂಕ ಉಳಿಸಲು ಬೆಲೆ ಕಡಿಮೆ ಬರೆಸಿದರೆ ವಿಮೆಯೂ ಅಷ್ಟಕ್ಕೇ ನಿಲ್ಲುತ್ತದೆ. ಬೇ ಏರಿಯಾದಲ್ಲೋ ಡಲ್ಲಾಸ್‌ನಲ್ಲೋ ಅಕ್ಕನೋ ಭಾವನೋ ಇದ್ದರೆ ಅವರ ಮನೆಗೆ ತರಿಸಿ ಕೈಚೀಲದಲ್ಲಿ ತರಲು ಹೇಳುವವರು ಬಹಳ. ಒಳ್ಳೆಯದೇ, ಆದರೆ ಚೆಕ್ ಇನ್ ಸೂಟ್‌ಕೇಸಿಗೆ ಹಾಕದಂತೆ, ಉಪ್ಪಿನಕಾಯಿ ಬಾಟಲಿಯ ನೆರೆಯಲ್ಲಿ ಇಡದಂತೆ ಮೊದಲೇ ಹೇಳಿ.

ನಮ್ಮ ಹವೆಯಲ್ಲಿ ಕಾಪಾಡುವುದು

ಜಾಕೆಟ್ಟಿಗೆ ಬ್ರೋಡಾರ್ಟ್ ಮಾದರಿಯ ಪಾಲಿಯೆಸ್ಟರ್ ಹೊದಿಕೆ ಹಾಕಿ, 38ರಿಂದ 50 ಮೈಕ್ರಾನ್ ದಪ್ಪದ್ದು. ಶಾಲಾ ಪುಸ್ತಕಕ್ಕೆ ಹಾಕುವ ಪಿವಿಸಿ ಹಾಳೆ ಬೇಡ, ಅದು ಬೆವರಿ ಜಾಕೆಟ್ಟಿನ ಶಾಯಿಯನ್ನು ಎತ್ತಿಕೊಳ್ಳುತ್ತದೆ. ಟೇಪ್ ಹೊದಿಕೆಗೆ ಹೊದಿಕೆಯ ಮೇಲೆ ಮಾತ್ರ, ಜಾಕೆಟ್ ಕಾಗದಕ್ಕೆ ಒಂದು ಎಳೆಯೂ ತಾಗಬಾರದು. ಲ್ಯಾಮಿನೇಷನ್ ಅಂತೂ ಮಾತೇ ಎತ್ತಬೇಡಿ.

ಗಾಳಿಯ ತೇವ ಶೇ 40ರಿಂದ 55ರ ನಡುವೆ ಇರಲಿ. 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮಳೆಗಾಲದ ಕೆಲವು ವಾರ ಎಚ್ಚರ ಸಾಕು. ಮಂಗಳೂರು, ಉಡುಪಿ, ಕಾರವಾರ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಹ್ಯೂಮಿಡಿಫೈಯರ್ ಇಲ್ಲದೆ ಬೆಲೆಬಾಳುವ ಪುಸ್ತಕ ಇಡುವುದು ಜೂಜು. ಅದಿಲ್ಲದಿದ್ದರೆ ರಬ್ಬರ್ ಅಂಚಿನ ಮುಚ್ಚಳದ 50 ಲೀಟರ್ ಪಾಲಿಪ್ರೊಪಿಲೀನ್ ಡಬ್ಬಕ್ಕೆ ಅರ್ಧ ಕೆಜಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಳಗೊಂದು ತೇವ ಅಳೆಯುವ ಚಿಕ್ಕ ಹೈಗ್ರೋಮೀಟರ್. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಮುಳ್ಳು 35ಕ್ಕಿಂತ ಕೆಳಗೆ ಹೋದರೆ ಜೆಲ್ ಕಡಿಮೆ ಮಾಡಿ, ತೀರಾ ಒಣಗಿದರೆ ರಟ್ಟು ಬಿಲ್ಲಿನಂತೆ ಬಾಗುತ್ತದೆ. ಬಣ್ಣ ತಿರುಗಿದ ಜೆಲ್ಲನ್ನು ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟು ಮತ್ತೆ ಬಳಸಿ.

ಕಬ್ಬಿಣದ ಬೀರುವನ್ನು ಹೊರಗೋಡೆಗೆ ಆನಿಸಬೇಡಿ, 5 ಸೆಂಟಿಮೀಟರ್ ಬಿಡಿ. ನುಸಿಗುಳಿಗೆ ಬೇಡ, ವಾಸನೆ ಕಾಗದಕ್ಕೆ ಹತ್ತಿದರೆ ಕೊಳ್ಳುವವನು ಮೊದಲ ಉಸಿರಿಗೇ ಬೆಲೆ ಇಳಿಸುತ್ತಾನೆ. ಹಳೆ ಅಂಗಡಿಯಿಂದ ತಂದ ಪುಸ್ತಕದಲ್ಲಿ ಹಿಟ್ಟಿನಂಥ ಪುಡಿ ಉದುರಿದರೆ ಹುಳವಿದೆ. ಅದನ್ನು ಉಳಿದವುಗಳ ಬಳಿ ಸೇರಿಸದೆ, ಗಾಳಿ ಹಿಂಡಿದ ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ, ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ತಣ್ಣಗಿನ ಪುಸ್ತಕದ ಮೇಲೆ ಗಾಳಿಯ ನೀರು ಇಳಿದರೆ ಹುಳ ಮಾಡದ ಹಾನಿಯನ್ನು ನೀವೇ ಮಾಡಿದಂತೆ.

ಪ್ರತಿ ಪುಸ್ತಕಕ್ಕೂ ಒಂದು ದಾಖಲೆ ಇರಲಿ: ಮುದ್ರಣದ ಗುರುತು, ಜಾಕೆಟ್ಟಿನ ಬೆಲೆ, ಯಾರಿಂದ, ಎಂದು, ಎಷ್ಟಕ್ಕೆ, ಸಹಿಗೆ ಆಧಾರ ಏನು. ರಸೀದಿ, ಟಿಕೆಟ್ಟು, ಮಾರಾಟಗಾರರ ಇಮೇಲಿನ ಮುದ್ರಿತ ಪ್ರತಿ ಒಂದು ಲಕೋಟೆಯಲ್ಲಿ, ಆ ಲಕೋಟೆ ಪುಸ್ತಕದ ಒಳಗಲ್ಲ, ಬೇರೆ ಕಡತದಲ್ಲಿ. ರಸೀದಿಯ ಶಾಯಿ ಪುಟಕ್ಕೆ ಇಳಿಯುತ್ತದೆ, ಅಲ್ಲದೆ ಅಂಗಡಿಗಳ ಥರ್ಮಲ್ ರಸೀದಿ ಕೆಲವೇ ವರ್ಷಗಳಲ್ಲಿ ಬೆಳ್ಳಗಾಗುತ್ತದೆ. ಬಂದ ದಿನವೇ ಅದರ ಜೆರಾಕ್ಸ್ ತೆಗೆದಿಡಿ.